ಶಿಶುವಿನ ಇಂದ್ರಿಯಶಕ್ತಿ ಮತ್ತು ಚಲನಶಕ್ತಿಗಳ ವಿಕಾಸದಲ್ಲಿ ಕ್ರಮವೂ ಕಾಲವೂ

೧

ಹಸುವಿನ ಕರುವು ಹುಟ್ಟಿದ ಕೆಲವು ಗಳಿಗೆಗಳೊಳಗಾಗಿ ಎದ್ದು ನಿಂತು ತಾಯಿಯ ಕೆಚ್ಚಲನ್ನು ಹುಡುಕುತ್ತದೆ. ಮನುಷ್ಯನ ಕೂಸಿಗಾದರೋ ತನ್ನ ತಲೆಯನ್ನು ತಾನೇ ನಿಲ್ಲಿಸಿಕೊಳ್ಳುವುದಕ್ಕೆ ಮೂರು ನಾಲ್ಕು ತಿಂಗಳೂ, ನಡೆಯುವುದಕ್ಕೆ ಸುಮಾರು ಒಂದು ವರ್ಷವೂ, ಬಳಪವನ್ನು ಹಿಡಿದು ಅಕ್ಷರವನ್ನು ತಿದ್ದುವುದಕ್ಕೆ ನಾಲ್ಕೈದು ವರ್ಷಗಳೂ ಬೇಕಾಗುತ್ತವೆ. ಈ ದೀರ್ಘವಾದ ಸಿದ್ಧತೆಯಲ್ಲಿ ಪ್ರಕೃತಿನಿಯತವಾದುದು ಎಷ್ಟು, ಊರು ಮನೆಗಳಿಗೆ ಅಧೀನವಾದುದು ಎಷ್ಟು ಎಂಬುದು ವೈದ್ಯರಿಗೆ ಮಾತ್ರವಲ್ಲದೆ ಭಾಷೆಯನ್ನು ಬೋಧಿಸುವವರಿಗೂ ವಿಚಾರಾರ್ಹವಾದ ವಿಷಯ.

ಈ ವಿಕಾಸದಲ್ಲಿ ಎರಡು ಅಂಶಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ಕ್ರಮ, ಇನ್ನೊಂದು ಕಾಲ. ಕ್ರಮವು ಬಹುಮಟ್ಟಿಗೆ ಸ್ಥಿರವಾದುದು. ಕಾಲವು ಒಂದು ಮಿತಿಯೊಳಗೆ ಹಿಂದುಮುಂದಾಗತಕ್ಕದ್ದು. ಇವೆರಡನ್ನು ಬೆರಸಿದುದರಿಂದ ಎರಡು ಬಗೆಯ ಹಾನಿ ಸಂಭವಿಸುತ್ತದೆ: ಕೇವಲ ತಡವಾದುದನ್ನು ದೋಷವೆಂದು ತಿಳಿದು ತಾಯಿಯನ್ನು ನೋಯಿಸುವುದು ಒಂದು, ನಿಜವಾದ ದೋಷವನ್ನು ತಡವೆಂದು ತಿಳಿದು ಚಿಕಿತ್ಸೆಯ ಕಾಲವನ್ನು ಕಳೆದುಕೊಳ್ಳುವುದು ಇನ್ನೊಂದು.

ಇದನ್ನು ಪರಿಶೀಲಿಸುವುದಕ್ಕೆ ಕೋಲಾರದ ಚಿನ್ನದ ಗಣಿಪ್ರದೇಶವೂ ಅದಕ್ಕೆ ಹೆಬ್ಬಾಗಿಲಿನಂತಿರುವ ಬಂಗಾರಪೇಟೆಯೂ ತಕ್ಕ ನಿದರ್ಶನಗಳಾಗಿವೆ. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಗಣಿಕೆಲಸವನ್ನು ಕೈಗೊಂಡ ಬಳಿಕ ತಮಿಳು ತೆಲುಗು ಸೀಮೆಗಳಿಂದ ಸಾವಿರಾರು ಕುಟುಂಬಗಳು ಬಂದು ಇಲ್ಲಿ ನೆಲೆಸಿದುವು. ಆ ಕಾಲಕ್ಕೆ ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಗಣಿಗಳಿಗೆ ೧೮೯೪ರಲ್ಲಿ ರೈಲುದಾರಿಯಾಯಿತು. ೨೦೦೧ನೆಯ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು. ಅಲ್ಲಿಂದೀಚೆಗೆ ದುಡಿಯುವ ಜನರಲ್ಲಿ ಬಹುಮಂದಿ ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಇರುಳಿಗೆ ಹಿಂದಿರುಗುತ್ತಾರೆ. ಅಂಥ ಮನೆಗಳಲ್ಲಿ ಹಗಲೆಲ್ಲ ಕೂಸಿನ ಬಳಿಯಿರತಕ್ಕವರು ಅಜ್ಜಿ ಮತ್ತು ಅಂಗನವಾಡಿಯ ಕಾರ್ಯಕರ್ತೆ. ಕೂಸಿನ ಬೆಳವಣಿಗೆಯಲ್ಲಿ ಏನಾದರೂ ಕೊರತೆಯಿದ್ದರೆ ಅದು ಮೊದಲು ಕಣ್ಣಿಗೆ ಬೀಳಬೇಕಾದುದು ಇವರಿಗೇ.

೨

ಕನ್ನಡದ ಮಾತುಗಳನ್ನೇ ಪರಿಶೀಲಿಸಿದರೆ ವಿಕಾಸದ ಕ್ರಮವು ಜನರ ಗಮನಕ್ಕೆ ಬಹುಹಿಂದೆಯೇ ಬಂದಿತ್ತೆಂಬುದು ವಿದಿತವಾಗುತ್ತದೆ. ಕೂಸು ಕತ್ತು ನಿಲ್ಲಿಸುತ್ತದೆ, ಬೋರಲು ಬೀಳುತ್ತದೆ, ತೆವಳುತ್ತದೆ, ಕುಳಿತುಕೊಳ್ಳುತ್ತದೆ, ಅಂಬೆಗಾಲಿಡುತ್ತದೆ, ಗೋಡೆ ಹಿಡಿದು ನಿಲ್ಲುತ್ತದೆ, ಕೊನೆಗೆ ತಪ್ಪುಹೆಜ್ಜೆಯಿಡುತ್ತದೆ. ಈ ಕಡೆಯದನ್ನೇ ಹಳೆಯ ಕಾವ್ಯಗಳು ದಟ್ಟಡಿಯೆನ್ನುತ್ತವೆ. ಕೂಸು ಮೊದಲಬಾರಿ ಹೊಸಿಲು ದಾಟಿದಾಗ ಸಿಹಿ ಹಂಚುವ ಮನೆಗಳು ಇಂದಿಗೂ ಉಂಟು. ಧರ್ಮಶಾಸ್ತ್ರಗಳು ಕೂಸನ್ನು ನಾಲ್ಕನೆಯ ತಿಂಗಳಲ್ಲಿ ಹೊರಗೆ ತರುವ ನಿಷ್ಕ್ರಮಣವನ್ನೂ ಆರನೆಯ ತಿಂಗಳಲ್ಲಿ ಅನ್ನಪ್ರಾಶನವನ್ನೂ ವಿಧಿಸುತ್ತವೆ. ಕತ್ತು ನಿಂತಮೇಲೆ ಹೊರಗಿನ ನೋಟ, ಬೆನ್ನು ನಿಲ್ಲುವ ವೇಳೆಗೆ ಗಟ್ಟಿಯಾದ ಆಹಾರ ಎಂಬ ಈ ಏರ್ಪಾಡು ದೇಹದ ಸಿದ್ಧತೆಗೆ ಹೊಂದಿಕೊಂಡೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯು ಎದೆಹಾಲಿನ ಜೊತೆಗೆ ಬೇರೆ ಆಹಾರವನ್ನು ಆರಂಭಿಸಲು ಹೇಳುವ ಕಾಲವೂ ಆರು ತಿಂಗಳು ತುಂಬಿದ ಮೇಲೆಯೇ.

ಶಾಸ್ತ್ರಜ್ಞರು ಈ ಕ್ರಮವನ್ನು ಎರಡು ಸೂತ್ರಗಳಲ್ಲಿ ಹೇಳುತ್ತಾರೆ. ಹತೋಟಿಯು ತಲೆಯಿಂದ ಕಾಲಿನ ಕಡೆಗೆ ಇಳಿಯುತ್ತದೆ. ಮೈಯ ನಡುವಿನಿಂದ ತುದಿಯ ಕಡೆಗೆ ಹರಡುತ್ತದೆ. ಆದುದರಿಂದಲೇ ಸೊಂಟಕ್ಕಿಂತ ಮೊದಲು ಕತ್ತು, ಬೆರಳಿಗಿಂತ ಮೊದಲು ತೋಳು ಕೂಸಿಗೆ ವಶವಾಗುವುದು. ಅಮೆರಿಕದ ಆರ್ನಾಲ್ಡ್ ಗೆಸೆಲ್ (೧೮೮೦–೧೯೬೧) ಎಂಬ ವಿದ್ವಾಂಸನು ಇದೆಲ್ಲವೂ ನರಮಂಡಲದ ಪಕ್ವತೆಯಿಂದ ತಾನಾಗಿಯೇ ನಡೆಯುತ್ತದೆಂದು ಪ್ರತಿಪಾದಿಸಿದನು. ಆದರೆ ಪಕ್ವತೆಯೊಂದೇ ಕಾರಣವಲ್ಲವೆಂಬುದನ್ನು ಎಸ್ತರ್ ಥೀಲೆನ್ ಎಂಬಾಕೆಯು ೧೯೮೪ರಲ್ಲಿ ಪ್ರಕಟವಾದ ಪ್ರಯೋಗದಿಂದ ತೋರಿಸಿದಳು. ಹಸುಗೂಸನ್ನು ಎತ್ತಿ ಹಿಡಿದು ಪಾದವನ್ನು ನೆಲಕ್ಕೆ ತಾಗಿಸಿದರೆ ಅದು ಹೆಜ್ಜೆಯಿಡುವಂತೆ ಕಾಲಾಡಿಸುತ್ತದೆ. ಸುಮಾರು ಎರಡು ತಿಂಗಳಾಗುವ ವೇಳೆಗೆ ಈ ಚೇಷ್ಟೆ ಮರೆಯಾಗುತ್ತದೆ. ಮೆದುಳು ಅದನ್ನು ಅಡಗಿಸುತ್ತದೆಂದು ಮೊದಲು ನಂಬಿಕೆಯಿತ್ತು. ಹೆಜ್ಜೆ ಕಡಮೆಯಾದ ಕೂಸುಗಳನ್ನು ಎದೆಮಟ್ಟದ ನೀರಿನಲ್ಲಿ ಹಿಡಿದಾಗ ಅವು ಮತ್ತೆ ಹೆಜ್ಜೆಯಿಟ್ಟುವು. ತೊಡೆಯಲ್ಲಿ ಕೊಬ್ಬು ತುಂಬಿ ಕಾಲಿನ ಭಾರ ಹೆಚ್ಚಿತ್ತು, ಆ ಭಾರವನ್ನು ಎತ್ತುವಷ್ಟು ಬಲ ಇನ್ನೂ ಬಂದಿರಲಿಲ್ಲ, ನೀರು ಆ ಭಾರವನ್ನು ಹೊತ್ತಿತು. ವಿಕಾಸವೆಂಬುದು ನರ, ಸ್ನಾಯು, ತೂಕ, ನೆಲ ಇವೆಲ್ಲವುಗಳ ಸಂಧಾನದಿಂದ ಆಗತಕ್ಕದ್ದೆಂದು ಇದರಿಂದ ಸಿದ್ಧವಾಗುತ್ತದೆ.

೩

ಕಾಲದ ವಿಷಯದಲ್ಲಿ ಬಲವಾದ ಆಧಾರವು ವಿಶ್ವ ಆರೋಗ್ಯ ಸಂಸ್ಥೆಯು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನ. ಘಾನಾ, ಭಾರತ, ನಾರ್ವೆ, ಓಮಾನ್, ಅಮೆರಿಕ ಈ ಐದು ದೇಶಗಳ ೮೧೬ ಆರೋಗ್ಯವಂತ ಕೂಸುಗಳನ್ನು ಅದರಲ್ಲಿ ಪರೀಕ್ಷಿಸಿದರು. ಆಸರೆಯಿಲ್ಲದೆ ಕುಳಿತುಕೊಳ್ಳುವುದು ೩.೮ ತಿಂಗಳಿಂದ ೯.೨ ತಿಂಗಳವರೆಗೆ, ಅಂಬೆಗಾಲಿಡುವುದು ೫.೨ರಿಂದ ೧೩.೫ರವರೆಗೆ, ಆಸರೆಯಿಲ್ಲದೆ ನಿಲ್ಲುವುದು ೬.೯ರಿಂದ ೧೬.೯ರವರೆಗೆ, ತಾನಾಗಿ ನಡೆಯುವುದು ೮.೨ರಿಂದ ೧೭.೬ರವರೆಗೆ ಎಂದು ಗೊತ್ತಾಯಿತು. ಒಂಬತ್ತನೆಯ ತಿಂಗಳಲ್ಲಿ ನಡೆದ ಕೂಸೂ ಹದಿನೇಳನೆಯ ತಿಂಗಳಲ್ಲಿ ನಡೆದ ಕೂಸೂ ಸಮಾನವಾಗಿ ಆರೋಗ್ಯವಂತವಾದುವುಗಳೇ. ನೂರಕ್ಕೆ ನಾಲ್ಕಕ್ಕಿಂತ ತುಸು ಹೆಚ್ಚು ಕೂಸುಗಳು ಅಂಬೆಗಾಲನ್ನೇ ಇಡದೆ ನೇರವಾಗಿ ಮುಂದಿನ ಹಂತಕ್ಕೆ ಹೋದುವು. ಆದುದರಿಂದ ಕ್ರಮವೂ ಬಹುಮಟ್ಟಿಗೆ ಸ್ಥಿರವೆನ್ನಬೇಕೇ ಹೊರತು ಸರ್ವಥಾ ಸ್ಥಿರವೆನ್ನಲಾಗದು.

ಮನೆಯ ಅಭ್ಯಾಸದಿಂದಲೂ ಕಾಲವು ಹಿಂದುಮುಂದಾಗುತ್ತದೆ. ಪೂರ್ವ ಆಫ್ರಿಕದ ಕೆನ್ಯಾದಲ್ಲಿ ಕಿಪ್ಸಿಗಿಸ್ ಜನರು ಕೂಸುಗಳಿಗೆ ಕುಳಿತುಕೊಳ್ಳುವುದನ್ನೂ ನಡೆಯುವುದನ್ನೂ ಬೇಕೆಂದೇ ಅಭ್ಯಾಸಮಾಡಿಸುತ್ತಾರೆ. ಆ ಕೂಸುಗಳು ಪಾಶ್ಚಾತ್ಯ ಕೂಸುಗಳಿಗಿಂತ ಸುಮಾರು ಒಂದು ತಿಂಗಳು ಮುಂಚಿತವಾಗಿ ಇವನ್ನು ಸಾಧಿಸುತ್ತವೆಂದೂ, ಅಭ್ಯಾಸಮಾಡಿಸದ ಇತರ ಚಲನೆಗಳಲ್ಲಿ ಹಾಗೆ ಮುಂದಾಗುವುದಿಲ್ಲವೆಂದೂ ಚಾರ್ಲ್ಸ್ ಸೂಪರ್ ೧೯೭೬ರಲ್ಲಿ ತೋರಿಸಿದನು. ನಡಿಗೆಯ ಅಭ್ಯಾಸವು ಎಷ್ಟು ಶ್ರಮಸಾಧ್ಯವೆಂಬುದಕ್ಕೆ ೨೦೧೨ರ ಒಂದು ಎಣಿಕೆಯೇ ಸಾಕ್ಷಿ: ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಅಮೆರಿಕದ ಕೂಸುಗಳು ತಾವಾಗಿ ಆಡಿಕೊಂಡಿದ್ದಾಗ ಗಂಟೆಯೊಂದಕ್ಕೆ ಸರಾಸರಿ ೨,೩೬೮ ಹೆಜ್ಜೆಯಿಟ್ಟು ೧೭ ಸಲ ಬಿದ್ದುವು. ಬೀಳುವುದು ಕಲಿಕೆಯ ಅಂಗವೇ ಆಗಿದೆ.

ಮಿತಿಯೊಳಗಿನ ತಡಕ್ಕೆ ಹೆದರಬೇಕಾಗಿಲ್ಲವೆಂಬುದು ಈ ಅಂಕಿಗಳ ಒಂದು ಮುಖ. ಹದಿನೆಂಟು ತಿಂಗಳು ತುಂಬಿದರೂ ನಡೆಯದ ಕೂಸನ್ನು ವೈದ್ಯರಿಗೆ ತೋರಿಸಲೇಬೇಕೆಂಬುದು ಇನ್ನೊಂದು ಮುಖ. ಯಾವ ತಿಂಗಳಲ್ಲಾಗಲಿ, ಕಲಿತುದನ್ನು ಕೂಸು ಕಳೆದುಕೊಂಡರೂ ಒಂದೇ ಪಕ್ಕದ ಕೈಕಾಲನ್ನು ಮಾತ್ರ ಬಳಸಿದರೂ ಕಾಯುವುದು ಸಲ್ಲದು.

೪

ಇಂದ್ರಿಯಗಳಲ್ಲಿ ಕಿವಿಯು ಹುಟ್ಟುವುದಕ್ಕೆ ಮುಂಚೆಯೇ ಎಚ್ಚರವಾಗಿರುತ್ತದೆ. ನವಜಾತ ಶಿಶುವು ತಾಯಿಯ ದನಿಯನ್ನು ಇತರರ ದನಿಯಿಂದ ಬೇರ್ಪಡಿಸಬಲ್ಲದೆಂದು ೧೯೮೦ರಲ್ಲಿ ತೋರಿಸಲಾಯಿತು. ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಆಳದಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳು ನಡುಗುತ್ತಿದ್ದುವು. ಅಂಥ ಅದುರಿಗೆ ಹಸುಗೂಸು ಎರಡು ತೋಳುಗಳನ್ನೂ ಚಾಚಿ ಬೆಚ್ಚುವುದು ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ನಾಲ್ಕರಿಂದ ಆರು ತಿಂಗಳೊಳಗೆ ಅದು ಅಡಗುತ್ತದೆ. ಅಡಗದಿದ್ದರೆ ವೈದ್ಯರು ಕಾರಣವನ್ನು ಹುಡುಕುತ್ತಾರೆ.

ಭಾಷಾಧ್ಯಾಪಕರು ವಿಶೇಷವಾಗಿ ಗಮನಿಸತಕ್ಕ ಪ್ರಯೋಗವೊಂದುಂಟು. ಕೆನಡಾ ದೇಶದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬವರು ೧೯೮೪ರಲ್ಲಿ ಪ್ರಕಟಿಸಿದ ಆ ಪ್ರಯೋಗದಲ್ಲಿ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತಕಾರ ಟಕಾರಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಈ ಭೇದವನ್ನು ಗುರುತಿಸಿದುವು. ಹತ್ತರಿಂದ ಹನ್ನೆರಡು ತಿಂಗಳ ಕೂಸುಗಳಲ್ಲಿ ಬಹುತರ ಗುರುತಿಸಲಿಲ್ಲ. ಇಂಗ್ಲಿಷಿನಲ್ಲಿ ಆ ಭೇದದಿಂದ ಅರ್ಥ ಬದಲಾಗುವುದಿಲ್ಲವಾದ್ದರಿಂದ ಕಿವಿಯು ಅದನ್ನು ಕೈಬಿಟ್ಟಿತು. ಕನ್ನಡದ ಕೂಸಿಗೆ ಕತ್ತು ಬೇರೆ, ಕಟ್ಟು ಬೇರೆ. ಹಲ್ಲಿ ಬೇರೆ, ಹಳ್ಳಿ ಬೇರೆ. ಆದುದರಿಂದ ಅದರ ಕಿವಿಯು ಇವನ್ನು ಉಳಿಸಿಕೊಳ್ಳುತ್ತದೆ. ಕೂಸು ಒಂದು ಮಾತನ್ನೂ ಆಡುವ ಮುನ್ನವೇ ಅದರ ಕಿವಿಯು ಒಂದು ಭಾಷೆಗೆ ಸೇರಿಹೋಗಿರುತ್ತದೆ.

ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಮಾರಿಕುಪ್ಪಂ ಮುಂತಾದ ಕಡೆಗಳಲ್ಲಿ ಕೂಸು ಮನೆಯಲ್ಲಿ ತಮಿಳನ್ನೋ ತೆಲುಗನ್ನೋ, ಅಂಗನವಾಡಿಯಲ್ಲಿಯೂ ಪೇಟೆಯಲ್ಲಿಯೂ ಕನ್ನಡವನ್ನೂ ಕೇಳುತ್ತದೆ. ತಮಿಳಿನ ಮೂಲಪದಗಳಲ್ಲಿ ಕಕಾರ ಗಕಾರಗಳ ಭೇದದಿಂದ ಅರ್ಥ ಬದಲಾಗುವುದಿಲ್ಲ, ಮಹಾಪ್ರಾಣಗಳಿಲ್ಲ. ಕನ್ನಡ ತೆಲುಗುಗಳಲ್ಲಿ ಇವೆ. ಮತ್ತೊಂದು ಕಡೆ, ಹಳಗನ್ನಡದಲ್ಲಿದ್ದು ಕನ್ನಡವು ಕಳೆದುಕೊಂಡ ೞಕಾರವು ಶುದ್ಧವಾದ ತಮಿಳು ಉಚ್ಚಾರಣೆಯಲ್ಲಿ ಇಂದಿಗೂ ಉಳಿದಿದೆ. ಕನ್ನಡದ ಪಂಡಿತರು ಗ್ರಂಥದಲ್ಲಿ ಮಾತ್ರ ಕಾಣುವ ಅಕ್ಷರವನ್ನು ಈ ಗಣಿಯೂರಿನ ಕೂಸು ನೆರೆಮನೆಯಲ್ಲಿಯೇ ಕೇಳುವ ಸಂಭವವುಂಟು.

ಇಂಥ ಮನೆಗಳಲ್ಲಿ ಕೂಸಿನ ಮಾತು ತಡವಾದರೆ ಎರಡು ಮೂರು ಭಾಷೆಗಳ ಗೊಂದಲವೇ ಕಾರಣವೆಂದು ಹೇಳಿ, ಮನೆಮಾತನ್ನು ಬಿಡುವಂತೆ ಉಪದೇಶಿಸುವುದುಂಟು. ಇದು ತಪ್ಪು. ಹಲವು ಭಾಷೆಗಳನ್ನು ಕೇಳುವುದರಿಂದ ಮಾತಿನ ದೋಷವುಂಟಾಗುವುದಿಲ್ಲ. ಎಲ್ಲ ಭಾಷೆಗಳ ಪದಗಳನ್ನೂ ಕೂಡಿಸಿ ಎಣಿಸಿದರೆ ಕೂಸಿನ ಪದಸಂಪತ್ತು ಇತರ ಕೂಸುಗಳದ್ದಕ್ಕೆ ಸಾಮಾನ್ಯವಾಗಿ ಸಮನಾಗಿರುತ್ತದೆ. ಈ ತಪ್ಪು ಕಾರಣವನ್ನು ನಂಬಿ ಕುಳಿತರೆ ಕಿವುಡು ಮರೆಯಾಗಿ ಉಳಿಯುತ್ತದೆ. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ದನಿಗೈಯುತ್ತದೆ, ನಗುತ್ತದೆ. ಆದರೆ ಬಬಬ, ದದದ ಎಂಬ ಅಕ್ಷರಗಳ ಮಾಲೆ ಅದರ ಬಾಯಲ್ಲಿ ಸಕಾಲಕ್ಕೆ ಹೊರಡುವುದಿಲ್ಲ. ಹತ್ತು ತಿಂಗಳಾದರೂ ಈ ಮಾಲೆಯು ಕೇಳಿಬಾರದಿದ್ದರೆ ಕಿವಿಯನ್ನು ಪರೀಕ್ಷಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂಥ ಪರೀಕ್ಷೆಗೂ ಚಿಕಿತ್ಸೆಗೂ ಹೆಸರಾದುದು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಕಿವಿಯ ದೋಷವನ್ನೂ ಬೆಳವಣಿಗೆಯ ವಿಳಂಬವನ್ನೂ ಅಂಗನವಾಡಿಯ ಮಟ್ಟದಲ್ಲಿಯೇ ಪತ್ತೆಮಾಡುವ ಉದ್ದೇಶವುಳ್ಳದ್ದು.

೫

ಕಣ್ಣು ಕಿವಿಯಷ್ಟು ಸಿದ್ಧವಾಗಿ ಬರುವುದಿಲ್ಲ. ನವಜಾತ ಶಿಶುವಿಗೆ ಒಂದು ಗೇಣಿನಷ್ಟು ಹತ್ತಿರದಲ್ಲಿರುವುದು ಮಾತ್ರ ತಕ್ಕಮಟ್ಟಿಗೆ ಕಾಣುತ್ತದೆ; ಹಾಲೂಡುವ ತಾಯಿಯ ಮುಖವು ಸರಿಸುಮಾರಾಗಿ ಅಷ್ಟೇ ದೂರದಲ್ಲಿರುತ್ತದೆ. ಎರಡು ಮೂರು ತಿಂಗಳಿಗೆ ಚಲಿಸುವ ವಸ್ತುವನ್ನು ಕಣ್ಣು ಹಿಂಬಾಲಿಸುತ್ತದೆ. ನಾಲ್ಕೈದು ತಿಂಗಳಿಗೆ ಎರಡು ಕಣ್ಣುಗಳೂ ಕೂಡಿ ದೂರ ಸಮೀಪಗಳನ್ನು ತಿಳಿಯುತ್ತವೆ. ಕೈ ಗುರಿಯಿಟ್ಟು ಚಾಚುವುದೂ ಆ ವೇಳೆಗೇ. ಹೀಗೆ ಇಂದ್ರಿಯವೂ ಚಲನೆಯೂ ಒಂದನ್ನೊಂದು ಬೆಳಸುತ್ತವೆ.

ಕೈಯ ವಿಕಾಸಕ್ಕೆ ಕನ್ನಡದ ಅಳತೆಯ ಮಾತುಗಳೇ ಮೆಟ್ಟಿಲುಗಳಂತಿವೆ. ಮೊದಲು ಹಿಡಿ, ಕೊನೆಗೆ ಚಿಟಿಕೆ. ಹುಟ್ಟಿದ ಕೂಸು ಅಂಗೈಗೆ ಸೋಕಿದುದನ್ನು ತಾನರಿಯದೆಯೇ ಹಿಡಿಯುತ್ತದೆ. ಐದಾರು ತಿಂಗಳಲ್ಲಿ ಅಂಗೈಯಿಂದ ಬೇಕೆಂದೇ ಬಾಚಿಕೊಳ್ಳುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತದೆ. ಒಂಬತ್ತು ಹತ್ತು ತಿಂಗಳಿಗೆ ಹೆಬ್ಬೆರಳೂ ತೋರುಬೆರಳೂ ಕೂಡಿ ನೆಲದ ಮೇಲಿನ ಒಂದು ರಾಗಿಕಾಳನ್ನೂ ಹೆಕ್ಕುವಷ್ಟು ಕುಶಲವಾಗುತ್ತವೆ. ಹೆಕ್ಕಿದುದು ನೇರವಾಗಿ ಬಾಯಿಗೆ ಹೋಗುವುದು, ಏಕೆಂದರೆ ಈ ವಯಸ್ಸಿನಲ್ಲಿ ಬಾಯಿಯೂ ಸ್ಪರ್ಶಜ್ಞಾನದ ಒಂದು ದ್ವಾರ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಆಟಿಕೆಗಳು ಬಣ್ಣಬಣ್ಣವಾಗಿ, ಸದ್ದುಮಾಡುವಂಥವಾಗಿ, ಹಗುರವಾಗಿ, ಮೊನೆಯಿಲ್ಲದೆ, ಬಾಯೊಳಗೆ ಹೋಗದಂತೆ, ಹೆದರಿಸದಂತೆ ಇರಬೇಕೆಂಬ ವಿಧಿಯಿರುವುದು ಈ ಸ್ವಭಾವವನ್ನು ಬಲ್ಲವರ ಮಾತು. ಗಣಿಪ್ರದೇಶದಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಚಿನ್ನವನ್ನು ತೆಗೆದುಳಿದ ಪುಡಿಮಣ್ಣಿನ ದಿಬ್ಬಗಳು ಅಲ್ಲಿ ಗುಡ್ಡಗಳಂತೆ ನಿಂತಿವೆ. ಗಾಳಿಯ ಕಾಲದಲ್ಲಿ ಅವುಗಳ ಧೂಳು ಮನೆಗಳೊಳಗೆ ಬೀಳುತ್ತದೆ. ಅಂಬೆಗಾಲಿಡುವ ಕೂಸಿಗೆ ಕಣ್ಣು, ಕೈ, ಬಾಯಿ ಎಲ್ಲವೂ ನೆಲದ ಮಟ್ಟದಲ್ಲಿಯೇ ಇರುವುದರಿಂದ ಅಲ್ಲಿ ನೆಲವನ್ನು ಒರಸುವುದೂ ಕೂಸಿನ ಕೈ ತೊಳೆಯುವುದೂ ಬೇರೆಡೆಗಿಂತ ಅವಶ್ಯಕ.

೬

ಪ್ರಕೃತಿಯ ಕಾಲಕ್ರಮವನ್ನು ತಿಳಿದಿರುವುದರ ಪ್ರಯೋಜನವು ಕಾಲಿನ ವಿಷಯದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಕೂಸಿನ ಕಾಲುಗಳು ಹುಟ್ಟುವಾಗ ಹೊರಕ್ಕೆ ಬಿಲ್ಲಿನಂತೆ ಬಾಗಿರುತ್ತವೆ. ಎರಡನೆಯ ವರ್ಷದ ವೇಳೆಗೆ ನೆಟ್ಟಗಾಗಿ, ಮೂರು ನಾಲ್ಕನೆಯ ವರ್ಷಗಳಲ್ಲಿ ಇದಕ್ಕೆ ವಿರೋಧವಾಗಿ ಮಂಡಿಗಳು ಒಳಕ್ಕೆ ಕೂಡುತ್ತವೆ. ಏಳನೆಯ ವರ್ಷದ ಹೊತ್ತಿಗೆ ದೊಡ್ಡವರ ಕಾಲಿನ ರೂಪಕ್ಕೆ ಬರುತ್ತವೆ. ಇದು ರೋಗವಲ್ಲ, ಎಲ್ಲ ದೇಶದ ಮಕ್ಕಳಲ್ಲಿಯೂ ಕಾಣುವ ಕ್ರಮ.

ಆದರೆ ಕೋಲಾರ ಜಿಲ್ಲೆಯಲ್ಲಿ ಸದಾ ಹರಿಯುವ ಹೊಳೆಯಿಲ್ಲ. ಕೆರೆಗಳು ಬತ್ತಿದಂತೆ ಜನರು ಆಳವಾದ ಕೊಳವೆಬಾವಿಗಳನ್ನು ಆಶ್ರಯಿಸಿದರು. ಕಗ್ಗಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಕರಗಿರುತ್ತದೆ. ಬಂಗಾರಪೇಟೆಯೂ ಸೇರಿದಂತೆ ಜಿಲ್ಲೆಯ ಹಲವು ಕಡೆಗಳಲ್ಲಿ ಇದು ಮಿತಿಮೀರಿರುವುದು ಕಂಡುಬಂದಿದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ ೧ ಮಿಲಿಗ್ರಾಮನ್ನು ಮೀರಬಾರದೆಂದೂ, ಬೇರೆ ನೀರಿಲ್ಲದ ಕಡೆ ೧.೫ರವರೆಗೆ ಸೈರಿಸಬಹುದೆಂದೂ ಭಾರತೀಯ ಮಾನಕವು ವಿಧಿಸಿದೆ. ಹೆಚ್ಚಾದರೆ ಅದು ಮೊದಲು ಹಲ್ಲಿನಲ್ಲಿ ಕಾಣಿಸುತ್ತದೆ. ಮುಂಬಾಯಿಯ ಸ್ಥಿರದಂತಗಳ ಹೊದಿಕೆಯು ದವಡೆಯೊಳಗೆ ರೂಪುಗೊಳ್ಳುವುದು ಮೊದಲ ನಾಲ್ಕೈದು ವರ್ಷಗಳಲ್ಲಿ. ಹಲ್ಲು ಹೊರಬರುವುದು ಆರರಿಂದ ಎಂಟನೆಯ ವರ್ಷದಲ್ಲಿ. ಆದುದರಿಂದ ಶಾಲೆಯ ಮಗುವಿನ ಹಲ್ಲಿನ ಮೇಲಿನ ಕಂದುಕಲೆಯು ಅದು ಅಂಗನವಾಡಿಗೆ ಹೋಗುತ್ತಿದ್ದಾಗ ಕುಡಿದ ನೀರಿಗೆ ಸಾಕ್ಷಿ.

ಕಾಲಕ್ರಮದಲ್ಲಿ ಅದೇ ನೀರು ಎಲುಬಿಗೂ ಇಳಿಯುತ್ತದೆ. ಫ್ಲೋರೈಡ್ ಹೆಚ್ಚಿದ ಸೀಮೆಯಲ್ಲಿ ಬೆಳೆಯುವ ಮಕ್ಕಳ ಮಂಡಿಗಳು ಒಳಕ್ಕೆ ಕೂಡುವ ರೋಗವನ್ನು ಹೈದರಾಬಾದಿನ ವಿಜ್ಞಾನಿಗಳು ೧೯೭೩ರಲ್ಲಿ ವರ್ಣಿಸಿದರು. ಈಗ ಕ್ರಮ ಮತ್ತು ಕಾಲಗಳ ಭೇದವು ಏಕೆ ಬೇಕೆಂಬುದು ತಿಳಿಯುತ್ತದೆ. ನಾಲ್ಕು ವರ್ಷದ ಮಗುವಿನ ಮಂಡಿಗಳು ತುಸು ಕೂಡಿದ್ದರೆ ಅದು ಸಾಮಾನ್ಯವಾಗಿ ಪ್ರಕೃತಿ. ಹತ್ತು ವರ್ಷದ ಮಗುವಿನ ಮಂಡಿಗಳು ದಿನೇ ದಿನೇ ಕೂಡುತ್ತಿದ್ದರೆ ಮಗುವನ್ನೂ ಅದು ಕುಡಿಯುವ ನೀರನ್ನೂ ಪರೀಕ್ಷಿಸಬೇಕು. ಸುಣ್ಣದ ಸತ್ತ್ವ ಕಡಮೆಯಾದ ಆಹಾರವು ಈ ಕೇಡನ್ನು ಹೆಚ್ಚಿಸುತ್ತದೆ. ೧೦೦ ಗ್ರಾಮು ರಾಗಿಯಲ್ಲಿ ಆ ಸತ್ತ್ವವು ೩೦೦ ಮಿಲಿಗ್ರಾಮಿಗಿಂತ ಹೆಚ್ಚಾಗಿರುವುದರಿಂದ ಆ ಸೀಮೆಯ ರಾಗಿಯ ಸರಿಯೂ ಮುದ್ದೆಯೂ ಮಕ್ಕಳ ತಟ್ಟೆಯಿಂದ ತಪ್ಪದಿರುವುದು ಹಿತ. ಆದರೆ ನೀರಿನ ದೋಷಕ್ಕೆ ನೀರನ್ನು ಶುದ್ಧಿಮಾಡುವುದೇ ಪರಿಹಾರ.

೭

ಕಿವಿ, ನಾಲಗೆ, ಕಣ್ಣು, ಕೈ ಇವೆಲ್ಲವೂ ಒಂದೆಡೆ ಸೇರುವುದು ಅಕ್ಷರಾಭ್ಯಾಸದಲ್ಲಿ. ವರ್ಣಮಾಲೆಯು ಶಾಸ್ತ್ರಕಾರರು ಉಚ್ಚಾರಣಸ್ಥಾನವನ್ನು ಹಿಡಿದು ಜೋಡಿಸಿದ ಕ್ರಮ; ಅದು ಕಂಠದ ಕಕಾರದಿಂದ ಹೊರಟು ತುಟಿಯ ಪಕಾರಕ್ಕೆ ಬರುತ್ತದೆ. ಕೂಸಿನ ನಾಲಗೆಯಾದರೋ ಸಾಮಾನ್ಯವಾಗಿ ತುಟಿಯಿಂದ ಆರಂಭಿಸುತ್ತದೆ. ಅಪ್ಪ, ಅಮ್ಮ ಎಂಬ ಮಾತುಗಳು ಇದಕ್ಕೆ ಹೊಂದುತ್ತವೆ. ರಕಾರ, ಳಕಾರ, ಷಕಾರಗಳು ತಡವಾಗಿ ಬರುತ್ತವೆ. ರಾಮನನ್ನು ಲಾಮನೆನ್ನುವ ಮಗು ಎಲ್ಲರಿಗೂ ಪರಿಚಿತ.

ಕೈಗೆ ಮೂರನೆಯದೊಂದು ಕ್ರಮವಿದೆ. ಮಗುವು ಎರಡು ವರ್ಷಕ್ಕೆ ಗೆರೆಯನ್ನೂ, ಮೂರಕ್ಕೆ ವೃತ್ತವನ್ನೂ, ನಾಲ್ಕರ ಸುಮಾರಿಗೆ ಅಡ್ಡಗೆರೆ ನೆಟ್ಟಗೆರೆಗಳ ಕೂಡುಗೆಯನ್ನೂ, ನಾಲ್ಕೂವರೆ ಐದಕ್ಕೆ ಚೌಕವನ್ನೂ, ಐದು ದಾಟಿದ ಮೇಲೆ ತ್ರಿಕೋಣವನ್ನೂ ನೋಡಿ ಬರೆಯಬಲ್ಲದು. ಕನ್ನಡದ ಅಕ್ಷರಗಳು ಬಹುಮಟ್ಟಿಗೆ ವೃತ್ತದಿಂದ ಬೆಳೆದ ರೂಪವುಳ್ಳವು. ಕರ್ಣಾಟಕದ ಮೊದಲ ತರಗತಿಯಲ್ಲಿ ರ, ಗ, ಸ, ದ, ಅ ಎಂದು ಆರಂಭಿಸುವ ಪದ್ಧತಿಯೂ, ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿಕಲಿಯೂ ಕೈಯ ಈ ಸಾಮರ್ಥ್ಯವನ್ನು ಲಕ್ಷ್ಯದಲ್ಲಿಟ್ಟುಕೊಂಡಿವೆ. ಅಲ್ಲಿ ಸೊಗಸಾದ ಒಂದು ವೈಪರೀತ್ಯವುಂಟು: ನಾಲಗೆಯು ತಡವಾಗಿ ಸಾಧಿಸುವ ರಕಾರವನ್ನು ಕೈಯು ಎಲ್ಲಕ್ಕಿಂತ ಮೊದಲು ಬರೆಯುತ್ತದೆ. ಮಗುವು ರಕಾರವನ್ನು ಸರಿಯಾಗಿ ನುಡಿಯದೆ ಸರಿಯಾಗಿ ಬರೆದರೆ ಅಧ್ಯಾಪಕರು ವಿಸ್ಮಯಪಡಬೇಕಾದುದಿಲ್ಲ.

ಐದನೆಯ ವರ್ಷದಲ್ಲಿ ವಿದ್ಯಾರಂಭವೆಂಬ ಹಳೆಯ ವಾಡಿಕೆಯು ಈ ಕಾಲಕ್ರಮಕ್ಕೆ ಹತ್ತಿರವಾದುದು. ಮೂರು ವರ್ಷದ ಮಗುವಿಗೆ ಪುಟಗಟ್ಟಲೆ ಬರೆಯಿಸುವ ಇಂದಿನ ಅವಸರವು ಇದಕ್ಕೆ ವಿರುದ್ಧವಾದುದು. ಆ ವಯಸ್ಸಿಗೆ ತಕ್ಕ ಪಾಠಗಳು ಮಣ್ಣು ಕಲಸುವುದು, ಮಣಿ ಪೋಣಿಸುವುದು, ಕಾಳು ಹೆಕ್ಕುವುದು. ಐದು ವರ್ಷದ ಮಗು ಕುಂಟೆಬಿಲ್ಲೆಯಲ್ಲಿ ಒಂಟಿಕಾಲಿನ ಸಮತೂಕವನ್ನು ಕಲಿಯುತ್ತದೆ. ಆಮೇಲೆ ಬರುವ ಬುಗುರಿ, ಗೋಲಿ, ಕಲ್ಲಾಟಗಳು ಕಣ್ಣು ಬೆರಳುಗಳನ್ನು ಒಂದುಗೂಡಿಸುತ್ತವೆ. ಇವೆಲ್ಲವೂ ಬರಹದ ಪೂರ್ವಸಿದ್ಧತೆಗಳೇ.

ಒಟ್ಟಿನಲ್ಲಿ ಕ್ರಮವನ್ನು ಅರಿತವರಿಗೆ ಮಗುವಿನ ಮುಂದಿನ ಹೆಜ್ಜೆ ಯಾವುದೆಂಬುದು ತಿಳಿಯುತ್ತದೆ. ಕಾಲದ ಮಿತಿಯನ್ನು ಅರಿತವರಿಗೆ ಎಲ್ಲಿಯವರೆಗೆ ಕಾಯಬಹುದೆಂಬುದು ತಿಳಿಯುತ್ತದೆ. ೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಂದಿನಿಂದ ಅಂಗನವಾಡಿಗಳಲ್ಲಿ ಮಕ್ಕಳ ತೂಕವನ್ನು ಬರೆದಿಡುವುದು ರೂಢಿಯಾಗಿದೆ. ಅದರೊಡನೆ ಮಗು ಎಂದು ಕುಳಿತಿತು, ಎಂದು ನಡೆಯಿತು, ಎಂದು ದದದ ಎಂದಿತು ಎಂಬ ಮೂರು ದಿನಾಂಕಗಳನ್ನು ಅಜ್ಜಿಯ ನೆನಪಿನಿಂದ ಕೇಳಿ ಬರೆದಿಟ್ಟರೂ ಸಾಕು, ಕಾಯತಕ್ಕ ಮಗುವನ್ನೂ ಕಾಯಲಾಗದ ಮಗುವನ್ನೂ ಬೇರೆಮಾಡುವುದು ಬಹಳಷ್ಟು ಸುಲಭವಾಗುವುದು.